ಒಲೆ ಹಚ್ಚದ ದಿನವೂ ಬೆವರಿದ ಅಬ್ಬಾ

ಯಾರಿಗೆ ಔಷಧಿ ಬೇಡ ಎಂದು ತೀರ್ಮಾನಿಸುವ ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ನನ್ನ ಅಬ್ಬಾನ ಮೂತ್ರಕೋಶದ ಮಾತ್ರೆಯನ್ನು ನೀವು ನಿಲ್ಲಿಸಿದ್ದೀರಿ. ಅದನ್ನು ವಾಪಸ್ ಕೇಳಲು ಈ ಪತ್ರ. "ಇದನ್ನೆಲ್ಲ ಪೇಪರಿಗೆ ಬರೀತೀಯಲ್ಲೇ, ನಾಚಿಕೆ ಆಗಲ್ವಾ?" ಎಂದಳು ಹಾಸ್ಟೆಲ್ ರೂಮ್‌ಮೇಟ್ ಚೈತ್ರಾ. ಆಗುತ್ತದೆ. ಭಯವೂ ಆಗುತ್ತದೆ. ಅದಕ್ಕೇ ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ; ಅಬ್ಬಾ ನಾಳೆಯೂ ಅಲ್ಲಿಗೇ ಬರಬೇಕಲ್ಲ.

ಅಬ್ಬಾ ಸಾದಿಕ್, ರಾಮನಗರದ ರೇಷ್ಮೆ ರೀಲರ್. ಅಟ್ಟದಿಂದ ಗೂಡಿನ ಮೂಟೆ ಇಳಿಸುವಾಗ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಎದೆಯಿಂದ ಕೆಳಗೆ ಸ್ಪರ್ಶಜ್ಞಾನವಿಲ್ಲ. ಕೈಗಳಿವೆ, ವೀಲ್‌ಚೇರಿನಲ್ಲಿ ಕೂತು ಬಿಸಿನೀರಿನ ಬಾನಿಯಿಂದ ಈಗಲೂ ನೂಲು ತೆಗೆಯುತ್ತಾರೆ. ಕೌಂಟರಿನಲ್ಲಿ ಮಾತ್ರೆ ಇಲ್ಲವೆಂದಾಗ ನಿಮ್ಮ ಬಳಿ ಬಂದೆವು. ನಿಮ್ಮ ಮಾತು ನನಗೆ ಬಾಯಿಪಾಠವಾಗಿದೆ: "ಒಸಿ ಯೋಚ್ನೆ ಮಾಡಮ್ಮ. ಅಲ್ಲಿ ಏನೂ ಗೊತ್ತಾಗಲ್ಲ ಅಂತೀಯ. ಗೊತ್ತಾಗ್ದೇ ಇರೋನ್ಗೆ ಅರ್ಜೆಂಟ್ ಎಲ್ಲಿಂದ ಬತ್ತದೆ? ಡೈಪರ್ ಹಾಕಿ, ಸಾಕು." ಅಮ್ಮಿ ಬಿಡಲಿಲ್ಲ: "ತುಂಬಾ ಬೆವರ್ತಾರೆ ಸಾರ್, ತಲೆ ಸಿಡೀತದೆ ಅಂತಾರೆ." ನೀವು ನಕ್ಕಿರಿ. "ರೀಲಿಂಗ್ ಮಾಡೋನು ಬೆವರ್ದೆ ಇನ್ನೇನು, ಎಸಿ ರೂಮಲ್ಲಿ ಕೂತವ್ನಾ?" ಎಂದಿರಿ, ಎಸಿ ರೂಮಿನಲ್ಲಿ ಕೂತು.

ನಿಜ ಹೇಳಬೇಕೆಂದರೆ, ಮನೆಯವರೂ ಹಾಗೇ ಅಂದುಕೊಂಡಿದ್ದರು. ಗೂಡು ಬೇಯುವ ಶೆಡ್ಡಿನಲ್ಲಿ ಯಾರು ಯಾರ ಬೆವರನ್ನು ನೋಡುತ್ತಾರೆ? ಪಕ್ಕದ ಬಾನಿಯಲ್ಲಿ ನೂಲು ತೆಗೆಯುವ, ಕೈಲಾಂಚ ಊರಿನ ಸಿದ್ದಯ್ಯ ದಿನಾ ರೇಗಿಸುತ್ತಿದ್ದರು: "ಏನ್ಲಾ ಸಾದಿಕ್, ಗೂಡ್ ಬೇಯ್ತಾವೋ, ನೀನೇ ಬೇಯ್ತಿದ್ದೀಯೋ?" ನಿಮ್ಮನ್ನು ಕಂಡು ಬಂದ ಮೇಲೆ ಒಂದು ದಿನ ಸೌದೆ ಬಂದಿರಲಿಲ್ಲ. ಒಲೆ ಹಚ್ಚಿರಲಿಲ್ಲ, ಬಾನಿಯ ನೀರು ತಣ್ಣಗಿತ್ತು. ಆದರೂ ಅಬ್ಬಾನ ಹಣೆ, ಕತ್ತು ತೊಯ್ದು ತೊಪ್ಪೆ, ಮುಖ ಕೆಂಪು. ಸಿದ್ದಯ್ಯನವರ ನಗು ಅರ್ಧಕ್ಕೇ ನಿಂತಿತು. "ಲೇ, ಒಲೇನೇ ಹಚ್ಚಿಲ್ವಲ್ಲೋ... ಯಾಕ್ಲಾ ಹಿಂಗೆ?" ರಜೆಗೆ ಬಂದಿದ್ದ ನಾನು ಅಮ್ಮಿಯನ್ನು ಕೂಗಿದೆ. ಅವರು ಪರದೆ ಎಳೆದು ಮೂತ್ರ ತೆಗೆಯುವ ಕೊಳವೆ ಹಾಕಿದರು. ಮೂತ್ರ ಖಾಲಿಯಾಗುತ್ತಿದ್ದಂತೆ ಬೆವರು ನಿಂತಿತು.

ಮಾನ್ಯರೇ, ನಾನು ನರ್ಸಿಂಗ್ ಮೊದಲ ವರ್ಷ. ಫಿಸಿಯಾಲಜಿ ಪರೀಕ್ಷೆ ಎಂದರೆ ನನಗೆ ಈಗಲೂ ಹೆದರಿಕೆ. ಆದರೂ ಇಷ್ಟು ಅರ್ಥವಾಗಿದೆ. ಮೂತ್ರಕೋಶದ ಗೋಡೆ ಹಿಗ್ಗಿದ್ದನ್ನು ಅಲ್ಲಿನ ರಿಸೆಪ್ಟರ್‌ಗಳು ಮೆದುಳಿಗೆ ತಿಳಿಸುತ್ತವೆ. ಮೆದುಳು "ತಡಿ" ಅನ್ನುತ್ತದೆ. ಬೆನ್ನುಹುರಿಗೆ ಪೆಟ್ಟಾದರೆ ಸುದ್ದಿ ಮೇಲೆ ಹೋಗುವುದಿಲ್ಲ, "ತಡಿ" ಕೆಳಗೆ ಬರುವುದಿಲ್ಲ. ಆದರೆ ರಿಸೆಪ್ಟರ್‌ಗಳು ಸಾಯುವುದಿಲ್ಲ ಸಾರ್! ಮೊದಲು ಕೆಲವು ವಾರ ಎಲ್ಲ ಸ್ತಬ್ಧ. ಆಮೇಲೆ, ಅಲ್ಲಿಯವರೆಗೆ ಸುಮ್ಮನಿದ್ದ ಸಣ್ಣ ನರಗಳೂ ಎಚ್ಚೆತ್ತು, ಸ್ವಲ್ಪ ತುಂಬಿದರೂ ರಂಪ ಮಾಡುತ್ತವೆ. ಕೋಶ ಹಿಂಡುತ್ತದೆ, ಕೆಳಗಿನ ಬಾಗಿಲು ತೆರೆಯುವುದಿಲ್ಲ. ಒತ್ತಡ ಕಿಡ್ನಿಗೆ ತಿರುಗುತ್ತದೆ, ಬಿಪಿ ಏರುತ್ತದೆ, ತಲೆ ಸಿಡಿಯುತ್ತದೆ, ಹಣೆ ಬೆವರುತ್ತದೆ. ಕೋಶದ ಸ್ನಾಯುವಿನಲ್ಲಿ "ಹಿಂಡು" ಎಂಬ ಆದೇಶ ಪಡೆಯುವ ಬೇರೆ ರಿಸೆಪ್ಟರ್‌ಗಳಿವೆ, ಅವನ್ನು ತಡೆಯುವುದೇ ನೀವು ನಿಲ್ಲಿಸಿದ ಮಾತ್ರೆ. ಡೈಪರ್ ಲುಂಗಿಯನ್ನು ಕಾಪಾಡುತ್ತದೆ. ಕಿಡ್ನಿಯನ್ನೂ ಕಾಪಾಡುತ್ತದೆಯೇ? ಇದನ್ನು ಕಲಿಯಲು ನನಗೆ ಒಂದು ಸೆಮಿಸ್ಟರ್ ಸಾಕಾಯಿತು. ತಮ್ಮ ಸರ್ವೀಸ್ ಎಷ್ಟು ವರ್ಷ?

ಕಳೆದ ವಾರದ ಸ್ಕ್ಯಾನಿನಲ್ಲಿ ಅಬ್ಬಾನ ಎಡ ಕಿಡ್ನಿ ಊದಿರುವುದು ಕಂಡಿದೆ. ಗೊತ್ತಾಗದೇ ಊದಿದೆ. ನಿಮ್ಮ ತರ್ಕದ ಪ್ರಕಾರ ಅದೂ ತೊಂದರೆ ಅಲ್ಲ ತಾನೇ?

ಮಾತ್ರೆಯನ್ನು, ಶುದ್ಧವಾದ ಕೊಳವೆಗಳನ್ನು ನಾಳೆಯೇ ಕೌಂಟರಿಗೆ ತರಿಸಿ. ಅಬ್ಬಾಗಷ್ಟೇ ಅಲ್ಲ, ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ವೀಲ್‌ಚೇರಿನಲ್ಲಿ ಬಂದು "ಇಲ್ಲ" ಕೇಳಿಸಿಕೊಂಡು ಹೋಗುವ ಎಲ್ಲರಿಗೂ. ಈಗ ಅಬ್ಬಾ ಹಣೆ ಒರೆಸಿಕೊಂಡರೆ ಸಾಕು, ಶೆಡ್ಡಿನಲ್ಲಿ ಕೈಗಳೆಲ್ಲ ನಿಲ್ಲುತ್ತವೆ, ಸಿದ್ದಯ್ಯ ಮೊದಲು ಒಲೆ ನೋಡುತ್ತಾರೆ. ನೀವು ಅಷ್ಟನ್ನಾದರೂ ನೋಡಿ.

ಇಂತಿ,
ತೊಂದರೆಯೇ ಇಲ್ಲದ ರೋಗಿಯ ಮಗಳು,
ಫಿಸಿಯಾಲಜಿ ಇಂಟರ್ನಲ್ಸ್‌ಗಿಂತ ನಿಮಗೇ ಹೆಚ್ಚು ಹೆದರುವ
ಮೆಹ್ರೀನ್