ನಾಡಿ ಹಿಡಿದ ಕೈ

ಕುರ್ಲಾ, ಮುಂಬಯಿ
೨-೧೧-೧೯೭೩

ನನ್ನವರಿಗೆ (ಹಾಗೆ ಕರೆಯಲು ಇನ್ನೂ ಎಂಟು ದಿನ ಇದೆಯಲ್ಲ),

ನಾಗಪುರದಿಂದ ನೀವು ಬರೆದ ಕಾಗದ ಸೋಮವಾರ ಬಂತು. ಬರುವ ಹುಣ್ಣಿಮೆಗೆ ಚೀವರ ಉಟ್ಟು ಭಿಕ್ಷುವಾಗುತ್ತೀರಿ, ಹೆಂಡತಿಯ ಒಪ್ಪಿಗೆಯಿಲ್ಲದೆ ಅಲ್ಲಿಯ ಹಿರಿಯರು ದೀಕ್ಷೆ ಕೊಡುವುದಿಲ್ಲ, ಜೊತೆಗಿಟ್ಟ ಹಾಳೆಗೆ ಸಹಿ ಹಾಕಿ ಕಳಿಸು ಎಂದಿದ್ದೀರಿ. ಉತ್ಪಲಾ ಹೇಗಿದ್ದಾಳೆ ಎಂದು ಕೇಳಿಲ್ಲ. ಮರೆತಿರಬೇಕು. ಮಗಳಿಗೆ ಮೊನ್ನೆ ಹನ್ನೊಂದು ತಿಂಗಳು ತುಂಬಿತು.

ನಿಮ್ಮವ್ವ ಹಾಲವ್ವನವರಿಗೆ ಓದಿ ಹೇಳಿದೆ. ಆ ಬಿಳೀ ಡಾಕ್ಟರ ಚಾಳಿಗೆಲ್ಲಾ ಗುಳಿಗಿ ಕೊಡ್ತಾನ, ನನ್ನ ಮಗಗ ಹುಚ್ಚ ಹಿಡಿಸ್ಯಾನಲ್ಲ, ಅದಕ್ಕ ಗುಳಿಗಿ ಏನದ ಕೇಳಿ ಬಾ ಹೋಗು ಅಂದರು. ನಕ್ಕೆ. ಆಮೇಲೆ ಅತ್ತದ್ದನ್ನು ಬರೆಯಬಾರದು ಅಂದುಕೊಂಡಿದ್ದೆ.

ಡಾಕ್ಟರ್ ಲಿಂಡ್‌ಹೋಮರ ಮೇಲೆ ನನಗೆ ಸಿಟ್ಟಿಲ್ಲ. ಡೆನ್ಮಾರ್ಕಿನಿಂದ ಬಂದು ನಮ್ಮ ಚಾಳಿನಲ್ಲಿ ಬುದ್ಧನ ಮಾತು ಹೇಳಿದರು. ಪಕ್ಕದಲ್ಲಿ ನಿಂತು ನೀವು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಿರಿ. ಊರಲ್ಲಿ ನಮ್ಮ ಕೇರಿಯವರಿಗೆ ಡಾಕ್ಟರು ಕಟ್ಟೆಯ ಮೇಲಿಂದಲೇ ಗುಳಿಗೆ ಎಸೆಯುತ್ತಿದ್ದರು. ನನ್ನ ಕೈ ಹಿಡಿದು ನಾಡಿ ನೋಡಿದ ಮೊದಲ ಡಾಕ್ಟರು ಇವರೇ. ಈಗ ಅವರೂ ಭಿಕ್ಷು, ಎಲ್ಲರಿಗೂ ಭಂತೆ. ಹೆಂಗಸರನ್ನು ಮುಟ್ಟುವಂತಿಲ್ಲ, ಹೆಣ್ಣು ಕೂಸನ್ನೂ. ಆ ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮಂಗಳವಾರ ಉತ್ಪಲಾಳ ಮೈ ಕಾದ ಹೆಂಚಿನಂತಾಯಿತು. ವಿಹಾರದ ದವಾಖಾನೆಗೆ ಎತ್ತಿಕೊಂಡು ಓಡಿದೆ. ಭಂತೆ ಮೇಜಿನ ಆಚೆಯೇ ನಿಂತು ಥರ್ಮಾಮೀಟರನ್ನು ಮೇಜಿನ ಮೇಲಿಟ್ಟರು. ಕಂಕುಳಲ್ಲಿ ಇಡು, ಇಲ್ಲಿ ಬೆರಳಿಟ್ಟು ನಾಡಿ ಎಣಿಸು ಎಂದು ತಮ್ಮ ಹರಕು ಹಿಂದಿಯಲ್ಲಿ ಹೇಳಿಕೊಟ್ಟರು. ಬಿ.ಎ. ಪಾಸಾದವಳಿಗೆ ನೂರರ ಮುಂದೆ ಎಣಿಕೆ ತಪ್ಪುತ್ತಿತ್ತು. ಔಷಧ ಕೊಟ್ಟರು, ಜ್ವರ ಇಳಿದಿದೆ, ಗಾಬರಿಯಾಗಬೇಡಿ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ. ಅವಳ ಉಸಿರಿಗೆ ಕಿವಿಗೊಟ್ಟೇ ಇರುತ್ತೇನೆ.

ಸಂಜೆ ಆರೂವರೆಯ ಲೋಕಲ್ ಬಂದು ಚಾಳಿನ ಗಂಡಸರು ಮನೆಗೆ ತಿರುಗುವ ಹೊತ್ತಿಗೆ ಇವಳು ಅಂಬೆಗಾಲಿಟ್ಟು ಬಾಗಿಲಿಗೆ ಹೋಗುತ್ತಾಳೆ. ಪ್ರತಿ ಚಪ್ಪಲಿಯ ಸದ್ದಿಗೂ ತಲೆ ಎತ್ತುತ್ತಾಳೆ. ನಾನೂ.

ಸಹಿ ಹಾಕಿದ್ದೇನೆ. ನಿಮ್ಮನ್ನು ತಡೆದು ಉಳಿಸಿಕೊಂಡರೆ ಉಳಿದವರು ನೀವಾಗಿರುವುದಿಲ್ಲ. ಆದರೆ ಹಾಳೆಯನ್ನು ಅಂಚೆಗೆ ಹಾಕುವುದಿಲ್ಲ. ನೀವೇ ಬನ್ನಿ. ಮಗಳನ್ನು ಎತ್ತಿಕೊಳ್ಳಿ. ಆಮೇಲೆ ಅವಳನ್ನು ಕೆಳಗಿಳಿಸಲು ನಿಮ್ಮಿಂದಾದರೆ ಹಾಳೆ ತೆಗೆದುಕೊಂಡು ಹೋಗಿ.

ನಿಮ್ಮ ದಾರಿ ನೋಡುತ್ತಿರುವ,
ಭಾಗೀರಥಿ

ತಾ.ಕ.: ಒಂದನ್ನು ಮುಚ್ಚಿಟ್ಟೆ. ನಾಡಿ ಎಣಿಸುತ್ತಿದ್ದಾಗಲೇ ಕೂಸಿಗೆ ಸೆಳವು ಬಂತು, ಕಣ್ಣು ಮೇಲಾದವು. ನಾನು ಚೀರಿದೆ. ಭಂತೆ ಮೇಜು ದಾಟಿ ಬಂದು ಅವಳನ್ನು ನನ್ನ ಕೈಯಿಂದ ಕಿತ್ತುಕೊಂಡರು, ಮಗ್ಗುಲಾಗಿ ಮಲಗಿಸಿ, ತಮ್ಮ ಚೀವರದ ಅಂಚನ್ನೇ ನೀರಲ್ಲಿ ಅದ್ದಿ ಮೈ ಒರೆಸಿದರು. ಸೆಳವು ನಿಂತ ಮೇಲೂ ಎದೆಗೊತ್ತಿಕೊಂಡು ಬಹಳ ಹೊತ್ತು ಕೂತಿದ್ದರು. ಹಿರಿಯ ಭಿಕ್ಷುಗಳ ಮುಂದೆ ಹೇಳಿ ತಪ್ಪೊಪ್ಪಿಕೊಳ್ಳುತ್ತಾರಂತೆ. ನಿಮಗೆ ಬರೆಯಲೇ ಎಂದು ಕೇಳಿದೆ. ಕೂಸನ್ನು ನನ್ನ ಕೈಗೆ ಕೊಡುವಾಗ, ಡೆನ್ಮಾರ್ಕಿನಲ್ಲಿ ಬಿಟ್ಟುಬಂದ ತಮ್ಮ ಮಗಳಿಗೆ ಈಗ ಇಪ್ಪತ್ತು ವರ್ಷ ಎಂದಷ್ಟೇ ಹೇಳಿದರು.