ಸಿಂಧುವಿನ ಕೊಲೆಸ್ಟ್ರಾಲ್

೧೯ ಮೇ ೨೦೨೧, ಬುಧವಾರ. ಶಾಂತಿಗ್ರಾಮ.

ನೂರಾ ಹತ್ತು! ಬೆಳಗಿನಿಂದ ತಲೆಯಲ್ಲಿ ಇದೊಂದೇ.

ನನಗೂ ವಾರಗಿತ್ತಿ ಸಿಂಧುವಿಗೂ ಒಂದೇ ವಾರ ಕೊರೊನಾ ಬಂತು. ನಾನು ಮನೆಯ ಹಿಂದಿನ ಕೋಣೆಯಲ್ಲಿ, ಅವಳು ಹಾಸನದ ಆಸ್ಪತ್ರೆಯಲ್ಲಿ. ಇವತ್ತು ಇಬ್ಬರದೂ ರಕ್ತದ ರಿಪೋರ್ಟ್ ಬಂತು. ಅವಳೇ ಫೋನ್ ಮಾಡಿದಳು.

"ಅಕ್ಕಾ... ನನ್ ಕೊಲೆಸ್ಟ್ರಾಲ್... ನೂರಾ ಹತ್ತಂತೆ ಕಣಕ್ಕ. ನಿಮ್ದೆಷ್ಟು?"

ಎಷ್ಟು ನಿಲ್ಲಿಸಿ ನಿಲ್ಲಿಸಿ ಹೇಳಿದಳು, ಜಂಭಗಾತಿ! ನನ್ನದು ಇನ್ನೂರ ನಲವತ್ತು. ಸಿಗ್ನಲ್ ಇಲ್ಲ ಎಂದು ಫೋನ್ ಇಟ್ಟುಬಿಟ್ಟೆ.

ಎರಡು ವರ್ಷದಿಂದ ತುಪ್ಪ ಮುಟ್ಟದೆ ಮುದ್ದೆ ನುಂಗುತ್ತಿರುವವಳು ನಾನು. ಮುದ್ದೆಗೆ ಗುಳಿ ಮಾಡಿ ತುಪ್ಪ ಸುರಿದುಕೊಳ್ಳುವವಳು ಅವಳು. ಅತ್ತೆಗೂ ಸುದ್ದಿ ಮುಟ್ಟಿಸಿದ್ದಾಳೆ. ಅವರು ಬಾಗಿಲಾಚೆ ನಿಂತು, "ಪುಣ್ಯವಂತೆ ಕಣ್ ಬುಡು, ತಿಂದಿದ್ದೆಲ್ಲ ಕರಗೋಯ್ತದೆ" ಅಂದರು. ನನ್ನ ಹೊಟ್ಟೆ ಉರಿದುಹೋಯಿತು.

ಸಂಜೆ ಯಜಮಾನರು ಡಾಕ್ಟರನ್ನು ಕಂಡು ಬಂದರು.

"ಸಿಂಧುಗೆ ಅಷ್ಟು ಕಮ್ಮಿ ಇರೋದು ಒಳ್ಳೇದಲ್ವಂತೆ ಕಣೆ. ಈ ಕಾಯ್ಲೆ ಜೋರಾದ್ರೆ ಕೊಲೆಸ್ಟ್ರಾಲ್ ಅಂಗೇ ಇಳಿದೋಯ್ತದಂತೆ. ವಾಸಿ ಆಯ್ತಾ ಆಯ್ತಾ ತಿರ್ಗಾ ಏರ್ಬೇಕಂತೆ."

ಆಗ ಹೊಳೆಯಿತು. ಅವಳು ನಿಲ್ಲಿಸಿ ನಿಲ್ಲಿಸಿ ಮಾತಾಡಿದ್ದು ಜಂಭಕ್ಕಲ್ಲ, ಉಸಿರು ಸಾಲದೆ.

ಮರುಕ ಪಡುವಷ್ಟರಲ್ಲಿ ಅತ್ತೆ ಅವಳಿಗೆಂದು ಬೆಣ್ಣೆ ಕಾಯಿಸತೊಡಗಿದರು. ಹಾಳಾದ ನನ್ನ ಮೂಗಿಗೆ ಇವತ್ತೇ ವಾಸನೆ ತಿರುಗಿ ಬರಬೇಕಿತ್ತೇ? ಆ ಘಮಕ್ಕೆ ಮತ್ತೆ ಉರಿಯಿತು.

ಏನು ಹೆಂಗಸೋ ನಾನು.

ದೊಡ್ಡಗದ್ದವಳ್ಳಿ ಲಕ್ಷ್ಮಿಗೆ ತುಪ್ಪದ ದೀಪ ಹಚ್ಚುವೆನೆಂದು ಹರಕೆ ಹೊತ್ತಿದ್ದೇನೆ. ಅವಳ ಕೊಲೆಸ್ಟ್ರಾಲ್ ಏರಲಿ, ತಾಯಿ. ನನ್ನದಕ್ಕಿಂತ ಹೆಚ್ಚೇ ಏರಲಿ.