ಮರಿಯಯ್ಯನ ಹಲ್ಲು ನಿಮ್ಮ ಬೀರುವಿನಲ್ಲಿದೆ

ಗುಡ್ಡಗಾಡು ದಂತ ಸೇವಾ ಯೋಜನೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನ್ನಂಥವನ ಕೈಲಿ ಪತ್ರ ಬರೆಸಿದ ಕೀರ್ತಿ ನಿಮಗೇ ಸೇರಲಿ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಹಿಂದೆ ಶಾಮಿಯಾನದ ಗಳ ಹೊತ್ತವನು ನಾನು. ಕುರ್ಚಿ ಇಷ್ಟು, ಜಮಖಾನ ಇಷ್ಟು ಎಂದು ಬಾಡಿಗೆ ಚೀಟಿ ಬರೆದದ್ದು ಬಿಟ್ಟರೆ ಈ ಕೈ ಬೇರೇನನ್ನೂ ಬರೆದಿಲ್ಲ. ನಿಮ್ಮ ಕಚೇರಿಗೆ ಬಂದು ಬಾಯಲ್ಲಿ ಹೇಳಿದೆ, ನಿಮ್ಮ ಗುಮಾಸ್ತರು ಬರವಣಿಗೆಯಲ್ಲಿ ಕೊಡಿ ಎಂದರು. ಮತ್ತೆ ಬಂದು ಇನ್ನೂ ಗಟ್ಟಿಯಾಗಿ ಹೇಳಿದೆ, ಆಗಲೂ ಅದೇ ಮಾತು. ಹೇಳಿದ್ದು ಕಿವಿಗೆ ಬಿದ್ದರೂ ಕಾಗದದ ಮೇಲೆ ಬೀಳದೆ ನಿಮಗೆ ಅರ್ಥವಾಗುವುದಿಲ್ಲ ಎಂದಾದರೆ ಅದು ಯಾವ ಕಾಯಿಲೆಯೋ, ಅದಕ್ಕೆ ಯಾವ ಶಿಬಿರವೋ ನನಗೆ ಗೊತ್ತಿಲ್ಲ. ತಗೊಳ್ಳಿ, ಬರವಣಿಗೆ. ಒಂದು ಪ್ರತಿ ನಿಮಗೆ, ಇನ್ನೊಂದು ಪತ್ರಿಕೆಗೆ. ನಿಮ್ಮ ಟಪಾಲು ನೀವು ನೋಡುತ್ತೀರೋ ಇಲ್ಲವೋ, ನಿಮ್ಮ ಫೋಟೋ ಬಂದಿದೆಯೇ ಎಂದು ಪತ್ರಿಕೆಯನ್ನಂತೂ ದಿನಾ ಬೆಳಗ್ಗೆ ನೋಡುತ್ತೀರಿ.

ವಿಷಯ ಇಷ್ಟೇ. ನೆಲ್ಲಿಬಂಡೆ ಎಂಬ ಪೋಡಿನಲ್ಲಿ, ಅಂದರೆ ಹತ್ತಾರು ಮನೆಗಳ ಬೆಟ್ಟದ ಹಟ್ಟಿಯಲ್ಲಿ, ಮರಿಯಯ್ಯ ಎಂಬ ಹಿರಿಯನಿದ್ದಾನೆ. ಅವನ ಬಾಯಲ್ಲಿ ಉಳಿದಿದ್ದ ಹಲ್ಲುಗಳನ್ನು ನಿಮ್ಮ ಯೋಜನೆಯವರು ಕಿತ್ತರು. ಹೊಸ ಹಲ್ಲಿನ ಸೆಟ್ಟು ಮೇ ತಿಂಗಳಿನಲ್ಲೇ ತಯಾರಾಗಿ ನಿಮ್ಮ ಕಚೇರಿಯ ಬೀರುವಿನಲ್ಲಿ ಕೂತಿದೆ. ಅದರ ಜೊತೆಗೆ ಅದೇ ಪೋಡಿನ ಇನ್ನೂ ಕೆಲವು ಮುದುಕ ಮುದುಕಿಯರದ್ದೂ ಇದೆ. ಅವುಗಳನ್ನು ನೀವು ಕೊಡುತ್ತಿಲ್ಲ. ಯಾಕೆಂದರೆ ವಿತರಣಾ ಸಮಾರಂಭ ಆಗಿಲ್ಲ. ಇಷ್ಟಕ್ಕೇ ಉತ್ತರ ಕೊಡುವ ಮನಸ್ಸಿದ್ದರೆ ಮುಂದೆ ಓದುವ ಕಷ್ಟ ತಗೊಳ್ಳಬೇಡಿ. ಮನಸ್ಸಿಲ್ಲ ಎಂದು ಗೊತ್ತಿರುವುದರಿಂದ ನಾನು ಮುಂದೆ ಬರೆಯುತ್ತೇನೆ.

ಪತ್ರ ಬರೆಯುತ್ತಿರುವ ಈ ಶಾಮಿಯಾನದ ಮುದುಕ ಯಾರು, ಇವನಿಗೇನು ಸಂಬಂಧ ಎಂದು ನೀವು ಕೇಳಬಹುದು. ಡಾಕ್ಟರ್ ಗಾರ್ಗಿ ನನಗೆ ಕಟ್ಟು ಹಲ್ಲು ಮಾಡಿಕೊಟ್ಟ ಹುಡುಗಿ. ನಿಮ್ಮ ಶಿಬಿರಕ್ಕೆ ಸಂಬಳವಿಲ್ಲದೆ ಹೊರಟಿದ್ದವರಲ್ಲಿ ಆಕೆಯೂ ಒಬ್ಬಳು. ತಾತ, ಶಾಮಿಯಾನ ಹಾಕಿಕೊಡ್ತೀರಾ ಎಂದು ಕೇಳಿದಳು. ಮನೆಯಲ್ಲಿ ಕೂತು ಹೆಂಡತಿ ಸರೋಜಮ್ಮನ ಜೊತೆ ಜಗಳ ಆಡುವುದಕ್ಕಿಂತ ಬೆಟ್ಟ ಹತ್ತುವುದು ವಾಸಿ ಎಂದು ಒಪ್ಪಿಕೊಂಡೆ. ಸಂಕ್ರಾಂತಿ ಕಳೆದ ಮೇಲೆ ಮೊದಲ ಶಿಬಿರ. ಜೀಪು ನಿಲ್ಲುವ ಜಾಗದಲ್ಲಿ ಗಳ ನೆಟ್ಟು ಬಟ್ಟೆ ಕಟ್ಟಿದೆ. ಹಲ್ಲು ನೋವಿನವರು ಮೇಲಿನ ಪೋಡುಗಳಿಂದ ಇಬ್ಬನಿಯಲ್ಲೇ ಇಳಿದು ಬಂದಿದ್ದರು. ಕೆನ್ನೆಗೆ ಬಟ್ಟೆ ಕಟ್ಟಿಕೊಂಡವರು, ರಾತ್ರಿಯಿಡೀ ನಿದ್ದೆ ಇಲ್ಲದವರು. ಡಾಕ್ಟರುಗಳು ಕೈಗವಸು ಹಾಕಿಕೊಂಡು ನಿಂತಿದ್ದರು. ಆದರೆ ಶುರು ಮಾಡುವ ಹಾಗಿರಲಿಲ್ಲ. ಏಕೆಂದರೆ ನೀವು ಇನ್ನೂ ಉದ್ಘಾಟನೆ ಮಾಡಿರಲಿಲ್ಲ.

ನೀವು ಬಂದದ್ದು ನೆತ್ತಿಯ ಮೇಲೆ ಬಿಸಿಲು ಏರಿದ ಮೇಲೆ. ಗಾಳಿಗೆ ದೀಪ ಹತ್ತಲಿಲ್ಲ, ನಾನೇ ಪಂಚೆ ಅಡ್ಡ ಹಿಡಿದೆ. ಹಲ್ಲುಜ್ಜುವುದು ಹೇಗೆ ಎಂದು ನೀವು ಮಾತಾಡಿದಿರಿ, ಚೆನ್ನಾಗಿಯೇ ಮಾತಾಡಿದಿರಿ. ಆಮೇಲೆ ಬ್ರಷ್ಷು, ಪೇಸ್ಟು ಹಂಚಿದಿರಿ. ಒಂದೂ ಹಲ್ಲಿಲ್ಲದ ಮುದುಕಿಗೂ ಬ್ರಷ್ಷು ಕೊಟ್ಟಿರಿ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ದನದ ಕಿವಿ ಉಜ್ಜಕ್ಕಾಯ್ತದೆ ಎಂದು ಸೆರಗಿಗೆ ಕಟ್ಟಿಕೊಂಡಳು. ನಿಮ್ಮ ಫೋಟೋದವನು ಆಗಷ್ಟೇ ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಕಚ್ಚಿ ಕೂತವರನ್ನು ಸಾಲಾಗಿ ನಿಲ್ಲಿಸಿ ನಗಿ ಎಂದ. ಅವರು ನಕ್ಕರು ಕೂಡ. ಬೆಟ್ಟದ ಜನಕ್ಕೆ ನಿಮ್ಮಷ್ಟು ಮರ್ಯಾದೆ ಕಡಿಮೆಯಿಲ್ಲ. ಊಟದ ಹೊತ್ತಿಗೆ ನೀವು ಹೊರಟಿರಿ. ಡಾಕ್ಟರುಗಳು ಹೊತ್ತು ಮುಳುಗಿದರೂ ಹಣೆಗೆ ಟಾರ್ಚು ಕಟ್ಟಿಕೊಂಡು ಬೆಳಗಿನ ಕೆಲಸ ಮುಗಿಸುತ್ತಿದ್ದರು.

ಸಮಾರಂಭ ಎಂದರೆ ನನಗೆ ಆಗುವುದಿಲ್ಲ ಎಂದು ತಿಳಿಯಬೇಡಿ. ನಿಮ್ಮಂಥವರ ಸಮಾರಂಭಗಳಿಂದಲೇ ನನ್ನ ಮನೆ ನಡೆದಿದೆ. ಮೈಸೂರಿನಲ್ಲಿ ನಾನು ಹಾಕದ ವೇದಿಕೆ ಇಲ್ಲ. ಸೋಫಾದ ಮೇಲೆ ಯಾವ ಬಣ್ಣದ ಟವೆಲ್ಲು ಹಾಸಿದರೆ ಯಾರು ಬಂದು ಕೂರುತ್ತಾರೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಒಂದು ಹೊಲಿಗೆ ಯಂತ್ರ ಕೊಡುವುದಕ್ಕೆ ವೇದಿಕೆಯ ಮೇಲೆ ಎಂಟು ಜನ ಅದನ್ನು ಮುಟ್ಟಿಕೊಂಡು ನಿಲ್ಲುವುದನ್ನೂ ನೋಡಿದ್ದೇನೆ. ಹೊಲಿಗೆ ಯಂತ್ರ ಆರು ತಿಂಗಳು ತಡವಾದರೂ ಹೊಲಿಯುತ್ತದೆ. ಹಲ್ಲು ಹಾಗಲ್ಲ ಸ್ವಾಮಿ. ಅದಕ್ಕೇ ಇಷ್ಟು ಬರೆಯುತ್ತಿರುವುದು.

ಆ ಶಿಬಿರದ ಮಾರನೆಯ ದಿನ, ಕೆಳಗೆ ಬರಲಾಗದವರಿಗಾಗಿ ನಾವೇ ನಡೆದು ನೆಲ್ಲಿಬಂಡೆಗೆ ಹತ್ತಿದೆವು. ನೀವು ಬರಲಿಲ್ಲ, ಅಲ್ಲಿಗೆ ದಾರಿ ಇಲ್ಲ. ಅಲ್ಲೇ ಮರಿಯಯ್ಯ ಸಿಕ್ಕಿದ್ದು. ಐದು ಹಲ್ಲು ಉಳಿದಿದ್ದವು, ಐದೂ ಅಲ್ಲಾಡುತ್ತಿದ್ದವು, ಬುಡದಲ್ಲಿ ಕೀವು. ಗಾರ್ಗಿ ನೋಡಿ, ಇವನ್ನು ತೆಗೆಯದೆ ಬೇರೆ ದಾರಿಯಿಲ್ಲ, ಇಟ್ಟುಕೊಂಡರೆ ಜ್ವರ ಬಂದು ಮಲಗುತ್ತಾರೆ ಎಂದಳು. ಮರಿಯಯ್ಯ ತುಟಿ ಬಿಗಿದುಕೊಂಡು ಗೋಡೆಗೆ ಒರಗಿದ. ಆಗ ನಾನು ಅವನೆದುರು ಕುಕ್ಕರಗಾಲಲ್ಲಿ ಕೂತು ನನ್ನ ಬಾಯಿಯ ಎರಡು ಸೆಟ್ಟನ್ನೂ ತೆಗೆದು ಅಂಗೈಯಲ್ಲಿ ಇಟ್ಟು ತೋರಿಸಿದೆ. ಅಲ್ಲಿದ್ದ ಮಕ್ಕಳು ಚೀರಿಕೊಂಡು ಓಡಿದರು. ಮರಿಯಯ್ಯ ಮಾತ್ರ ಮುಂದಕ್ಕೆ ಬಗ್ಗಿದ.

'ಎಲ್ಲಿ, ಆಕ್ಕೊ. ಇನ್ನೊಂದ್ಸಲ ತಗಿ' ಎಂದ.

ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಅವನು ಒಳಗೆ ಹೋಗಿ ಒಂದು ಹಿಡಿ ಹುರಿದ ಮುಸುಕಿನ ಜೋಳ ತಂದು ನನ್ನ ಕೈಗೆ ಸುರಿದ. 'ಕಡಿ, ನೋಡಾಣ.' ದೇವರ ಮೇಲೆ ಭಾರ ಹಾಕಿ ಕಡಿದೆ. ಒಂದು ಕಾಳು ಜಾರಿದ್ದರೂ ನಿಮ್ಮ ಯೋಜನೆ ಅಲ್ಲೇ ಮುಗಿಯುತ್ತಿತ್ತು. ಜಾರಲಿಲ್ಲ. ಆಗ ಅವನು ತನ್ನ ಅಳುಕು ಏನೆಂದು ಹೇಳಿದ. ಅವರ ಪೋಡಿನಲ್ಲಿ ಹೊಸ ಜೋಳ ಬಂದಾಗ ಮೊದಲ ತೆನೆ ಸುಟ್ಟು ಹಿರಿಯನ ಕೈಗೆ ಕೊಡುತ್ತಾರೆ. ಅವನು ಎಲ್ಲರ ಎದುರು ಕಚ್ಚಿ ತಿನ್ನಬೇಕು. ಅವನು ಕಚ್ಚುವವರೆಗೆ ಮಕ್ಕಳೂ ಬಾಯಿಗೆ ಹಾಕುವಂತಿಲ್ಲ. ಅವನ ಅಪ್ಪ ಕಚ್ಚಿದ್ದ, ಅವನ ಅಣ್ಣ ಕಚ್ಚಿದ್ದ, ಈಗ ಅವನ ಸರದಿ. ಬಿಡಿಸಿ ಕೊಟ್ಟರೆ, ಅರೆದು ಕೊಟ್ಟರೆ ನಡೆಯುವುದಿಲ್ಲ. ಕಚ್ಚಲಾಗದ ಹಿರಿಯ ಪಕ್ಕಕ್ಕೆ ಸರಿದು ಇನ್ನೊಬ್ಬನಿಗೆ ಜಾಗ ಬಿಡಬೇಕು.

'ಐದ್ರಾಗೆ ಎಂಗೋ ಈ ವರ್ಸ ಕಚ್ಬುಡ್ತೀನಿ. ಇವ್ನೂ ಕಿತ್ಬುಟ್ರೆ ಏನ್ಮಾಡ್ಲಿ?'

'ಹೊಸ ಜೋಳ ಬರೋದ್ರೊಳಗೆ ಬಾಯ್ತುಂಬ ಹಲ್ಲು ತಂದ್ಕೊಡ್ತೀನಿ, ನನ್ನ ಮಾತು' ಎಂದೆ.

ನನ್ನ ಮಾತು ಎಂದದ್ದು ಗಾರ್ಗಿಯಲ್ಲ, ನೀವಲ್ಲ, ಯೋಜನೆಯಲ್ಲ. ಕೆಸರೆಯ ಶಾಮಿಯಾನದ ಕೃಷ್ಣಪ್ಪ. ಆ ಮಾತಿನ ಮೇಲೆ ಅವನು ಬಾಯಿ ತೆರೆದ.

ಗಾಯ ಆರಿದ ಮೇಲೆ, ಯುಗಾದಿ ಕಳೆದು, ಅಚ್ಚು ತೆಗೆಯಲು ಮತ್ತೆ ಹತ್ತಿದೆವು. ಗುಲಾಬಿ ಬಣ್ಣದ ಹಿಟ್ಟು ಬಾಯಿಗೆ ತುಂಬಿದಾಗ, ನುಂಗಕ್ಕೋ ಉಗಿಯಕ್ಕೋ ಎಂದು ಕಣ್ಣಲ್ಲೇ ಕೇಳಿದ. ಮೇ ತಿಂಗಳಿಗೆ ಸೆಟ್ಟು ಬಂತು. ನಿಮ್ಮ ಕಚೇರಿಯಲ್ಲಿ ಡಬ್ಬಿಗಳ ಮೇಲೆ ಹೆಸರು ಅಂಟಿಸಿಟ್ಟದ್ದನ್ನು ಗಾರ್ಗಿ ಕಣ್ಣಾರೆ ನೋಡಿದಳು. ಭಾನುವಾರ ನನ್ನ ಖರ್ಚಿನಲ್ಲೇ ಹೋಗಿ ಹಾಕಿಬರುತ್ತೇನೆ, ಕೊಡಿ ಎಂದು ಕೇಳಿದಳು. ನೀವು ಏನೆಂದಿರಿ? ಯೋಜನೆಯ ಸೊತ್ತನ್ನು ಖಾಸಗಿಯಾಗಿ ಕೊಂಡೊಯ್ಯುವಂತಿಲ್ಲ, ಮೈಸೂರಿನಲ್ಲಿ ಗಣ್ಯರ ಹಸ್ತದಿಂದ ವಿತರಣೆ ಎಂದಿರಿ. ಮಾನ್ಯರೇ, ಮರಿಯಯ್ಯನ ಒಸಡಿನ ಅಳತೆಗೆ ಮಾಡಿದ ಹಲ್ಲು ಮರಿಯಯ್ಯನಿಗೆ ಬಿಟ್ಟು ಜಗತ್ತಿನಲ್ಲಿ ಇನ್ನು ಯಾರ ಸೊತ್ತು? ನೀವು ಹಾಕಿಕೊಂಡು ನೋಡಿ, ಕೂರುತ್ತದಾ?

ಜೂನಿನಲ್ಲಿ ಒಂದು ದಿನ ಗೊತ್ತು ಮಾಡಿದಿರಿ. ಬಸ್ಸು ಕಳಿಸುತ್ತೇವೆ, ಎಲ್ಲರನ್ನೂ ರಸ್ತೆಗೆ ಇಳಿಸಿ ತನ್ನಿ ಎಂದು ನಿಮ್ಮ ಗುಮಾಸ್ತರು ನನಗೆ ಫೋನು ಮಾಡಿದರು. ಹಿಂದಿನ ದಿನವೇ ಹೋಗಿ ಹತ್ತಿ, ಎಲ್ಲರನ್ನೂ ಕರೆದುಕೊಂಡು ಬೆಳಗಾಗುವಷ್ಟರಲ್ಲಿ ಇಳಿದೆ. ನಡೆಯಲಾಗದ ಒಬ್ಬ ಮುದುಕಿಯನ್ನು ಅವಳ ಅಳಿಯ ಬೆನ್ನ ಮೇಲೆ ಹೊತ್ತು ತಂದ. ಮರಿಯಯ್ಯ ಮಡಿ ಪಂಚೆ ಉಟ್ಟಿದ್ದ. ಎಲ್ಲರೂ ಗಂಜಿ ಕುಡಿದು ಬಂದಿದ್ದರು, ಅದು ಬಿಟ್ಟು ಅವರ ಬಾಯಿಗೆ ಹೋಗುವುದಾದರೂ ಏನು? ಬಸ್ಸು ಬರಲಿಲ್ಲ. ಮಧ್ಯಾಹ್ನವಾಯಿತು, ಬರಲಿಲ್ಲ. ಫೋನು ಸಿಗುವ ಜಾಗಕ್ಕೆ ಓಡಿ ನಿಮ್ಮ ಕಚೇರಿಗೆ ಕೇಳಿದರೆ, ಗಣ್ಯರ ವಿಮಾನ ಮಂಡಕಳ್ಳಿ ನಿಲ್ದಾಣಕ್ಕೆ ಬರಲಿಲ್ಲ, ಕಾರ್ಯಕ್ರಮ ಮುಂದಕ್ಕೆ ಹೋಗಿದೆ, ನಿಮಗೆ ಯಾರೂ ಹೇಳಲಿಲ್ಲವಾ ಎಂದರು. ಹಲ್ಲು ಬೀರುವಿನಲ್ಲಿತ್ತು. ಬಸ್ಸು ಡಿಪೋದಲ್ಲಿತ್ತು. ಬಾಯಿಗಳು ರಸ್ತೆಯ ಮೇಲಿದ್ದವು. ಇವು ಮೂರೂ ಸೇರುವುದಕ್ಕೆ ಒಬ್ಬ ಮನುಷ್ಯ ಆಕಾಶದಿಂದ ಇಳಿಯಬೇಕಿತ್ತಂತೆ.

ಆನೆ ಓಡಾಡುವ ಹೊತ್ತಾಗುತ್ತಿತ್ತು. ಹತ್ತಿ ಹೋಗಿ ಎಂದು ನಾನೇ ಹೇಳಬೇಕಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಮರಿಯಯ್ಯ ಎದ್ದು ಪಂಚೆ ಕೊಡವಿಕೊಂಡು ನನ್ನ ಹತ್ತಿರ ಬಂದು ಹೀಗೆಂದ:

'ಓಗ್ಲಿ ಬುಡು ಕಿಷ್ಣಪ್ಪ. ಜೋಳದ ಹೊತ್ಗೆ ನೀನೇ ಬಾ. ನಿನ್ನವನ್ನೇ ಇಸ್ಕೊಂಡು ಒಂದ್ಕಿತ ಕಚ್ಬುಟ್ಟು ತೊಳ್ದು ಕೊಡ್ತೀನಿ.'

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ. ಅವನು ನಗುವಾಗ ಟವೆಲ್ಲು ಬಾಯಿಗೆ ಅಡ್ಡ ಹಿಡಿದಿದ್ದ. ಐದು ಹಲ್ಲಿದ್ದಾಗ ಅವನು ಹಾಗೆ ಹಿಡಿದವನಲ್ಲ.

ಆಮೇಲೆ ನಾನು ನಿಮ್ಮ ಕಚೇರಿಗೆ ಬಂದೆ. ಆಷಾಢ, ಶುಭಕಾರ್ಯಕ್ಕೆ ಗಣ್ಯರು ಒಪ್ಪುವುದಿಲ್ಲ ಎಂದರು. ಹಲ್ಲು ಹಾಕುವುದೂ ಶುಭಕಾರ್ಯವೆಂದು ನನಗೆ ಗೊತ್ತಿರಲಿಲ್ಲ. ಮರಿಯಯ್ಯನಿಗೆ ಹೆಣ್ಣೇನಾದರೂ ನೋಡಿದ್ದೀರಾ? ಶ್ರಾವಣ ಬಂತು, ಗಣ್ಯರಿಗೆ ಬಿಡುವಿರಲಿಲ್ಲ. ಈಚೆಗೆ ಬಂದಾಗ ಅದೃಷ್ಟಕ್ಕೆ ನೀವೇ ಸಿಕ್ಕಿದಿರಿ. ದಸರಾ ಹತ್ತಿರ ಬಂತಲ್ಲ, ಜನ ಸೇರುತ್ತಾರೆ, ಆಗಲೇ ಒಂದು ವೇದಿಕೆಯಲ್ಲಿ ಅದ್ದೂರಿಯಾಗಿ ಕೊಟ್ಟುಬಿಡೋಣ ಎಂದಿರಿ. ದಸರೆಗೆ ಮೊದಲೇ ಜೋಳ ಬರುತ್ತದೆ, ಅಷ್ಟರೊಳಗೆ ಬೇಕು ಎಂದೆ. ಆಗ ನೀವು ನಕ್ಕು ಆಡಿದ ಮಾತನ್ನು ಹಾಗೇ ಬರೆಯುತ್ತಿದ್ದೇನೆ, ಸುಳ್ಳಾದರೆ ಸುಳ್ಳು ಎಂದು ಪತ್ರಿಕೆಗೆ ಬರೆಯಿರಿ:

'ಅವರು ಮುದ್ದೆ ತಿನ್ನೋ ಜನ ಕಣ್ರೀ. ಮುದ್ದೆ ನುಂಗೋದು ತಾನೆ? ಹಲ್ಲಿಗೇನು ಅರ್ಜೆಂಟು?'

ನಾನೂ ಮುದ್ದೆ ತಿಂದು ಬೆಳೆದವನೇ. ಆ ದಿನ ಎದ್ದು ಬಂದುಬಿಟ್ಟೆ. ಈಗ ಹೇಳುತ್ತೇನೆ. ನಿಮ್ಮ ಮೇಜಿನ ಮೇಲೆ ಆಗ ಇಡ್ಲಿಯ ತಟ್ಟೆ ಇತ್ತು. ಇಡ್ಲಿಗೂ ಹಲ್ಲು ಬೇಕಾಗಿಲ್ಲ. ನಿಮ್ಮ ಹಲ್ಲುಗಳನ್ನೆಲ್ಲ ಕೀಳಿಸಿ ಅದೇ ಬೀರುವಿನಲ್ಲಿ ಇಡಿ. ಗಣ್ಯರು ಬಿಡುವಾದಾಗ ಬಂದು ಕೊಡಲಿ. ಅಲ್ಲಿಯವರೆಗೆ ಸಭೆಗಳಲ್ಲಿ ಟವೆಲ್ಲು ಅಡ್ಡ ಹಿಡಿದು ಭಾಷಣ ಮಾಡಿ. ಮನುಷ್ಯನಿಗೆ ಹಲ್ಲು ಯಾಕೆ ಬೇಕು ಎಂದು ವಾರದೊಳಗೆ ನೀವೇ ನನಗೆ ಬರವಣಿಗೆಯಲ್ಲಿ ಕೊಡುತ್ತೀರಿ.

ಇನ್ನೊಂದು ಮಾತು, ಇದು ನನ್ನದಲ್ಲ, ಗಾರ್ಗಿಯದು. ಹಲ್ಲು ಕಿತ್ತ ಮೇಲೆ ಒಸಡು ತಿಂಗಳು ತಿಂಗಳಿಗೂ ಇಳಿಯುತ್ತಾ ಹೋಗುತ್ತದಂತೆ. ಏಪ್ರಿಲ್ಲಿನ ಬಾಯಿಗೆ ತೆಗೆದ ಅಚ್ಚು ದಸರೆಯ ಬಾಯಿಗೆ ಸರಿಯಾಗಿ ಕೂರುತ್ತದೆ ಎಂದು ಹೇಳಲಾಗದು, ಈಗಲೇ ಕೊಟ್ಟರೆ ಅಲ್ಲಲ್ಲಿ ಉಜ್ಜಿ ತುಂಬಿ ಸರಿಮಾಡಬಹುದು ಎಂದಳು. ಅಂದರೆ ನೀವು ವೇದಿಕೆ ಕಟ್ಟುವ ಹೊತ್ತಿಗೆ ಗಣ್ಯರ ಕೈಯಿಂದ ಮರಿಯಯ್ಯನಿಗೆ ಸಿಗುವುದು ಬಾಯಲ್ಲಿ ನಿಲ್ಲದ ಒಂದು ಗೊಂಬೆ. ಫೋಟೋಗೆ ಅದೂ ಸಾಕು ಎನ್ನುವುದಾದರೆ ಅದನ್ನೂ ಬಾಯಿಬಿಟ್ಟು ಹೇಳಿ.

ಮೊನ್ನೆ ಪೋಡಿನಿಂದ ಸುದ್ದಿ ಬಂತು. ಈ ಸಲ ಮೊದಲ ತೆನೆ ನನ್ನ ತಮ್ಮನಿಗೆ ಕೊಡಿ ಎಂದು ಮರಿಯಯ್ಯ ಹೇಳಿದ್ದಾನಂತೆ. ಅದನ್ನು ಕೇಳಿ ಸರೋಜಮ್ಮ, ಮಾತು ಕೊಟ್ಟೋರು ನೀವು, ಮೊದಲು ಅದನ್ನ ನೋಡಿ, ಆಮೇಲೆ ಊಟಕ್ಕೆ ಕೂರಿ ಎಂದಳು. ಹಾಗಾಗಿ ಈ ಪತ್ರ.

ವೇದಿಕೆ ಇಲ್ಲದೆ ನಿಮಗೆ ಆಗುವುದೇ ಇಲ್ಲವೆಂದರೆ ನಾನೇ ಹಾಕಿಕೊಡುತ್ತೇನೆ, ಬಾಡಿಗೆ ಬೇಡ. ಆದರೆ ಹಾಕುವುದು ನೆಲ್ಲಿಬಂಡೆಯಲ್ಲಿ, ಮರಿಯಯ್ಯನ ಮನೆಯ ಮುಂದೆ. ಗಳಗಳನ್ನು ಹೊತ್ತು ಹತ್ತುವವರನ್ನು ನಾನು ಹೊಂದಿಸುತ್ತೇನೆ. ನಿಮ್ಮ ಸೋಫಾವನ್ನೂ ಟವೆಲ್ಲನ್ನೂ ಹೊರಿಸುತ್ತೇನೆ. ನೀವು ಮತ್ತು ನಿಮ್ಮ ಗಣ್ಯರು ಮಾತ್ರ ನಡೆದು ಬರಬೇಕು. ಬಂದು, ಹಲ್ಲು ಕೊಟ್ಟು, ಅದೇ ಸೋಫಾದ ಮೇಲೆ ಕೂತು, ಅವನು ತೆನೆ ಕಚ್ಚುವವರೆಗೆ ಮಕ್ಕಳ ಜೊತೆ ಕಾಯಬೇಕು. ಅದು ಆಗದಿದ್ದರೆ ಡಬ್ಬಿಗಳನ್ನು ಗಾರ್ಗಿಯ ಕೈಗೆ ಕೊಡಿ.

ಎರಡರಲ್ಲಿ ಯಾವುದು ಎಂದು ಸೆಪ್ಟೆಂಬರ್ ಇಪ್ಪತ್ತರೊಳಗೆ ನನಗೆ ಉತ್ತರ ಬೇಕು. ಬರವಣಿಗೆಯಲ್ಲಿ.

ಇಂತಿ,
ನಿಮ್ಮ ವೇದಿಕೆಗಳಿಗೆ ಇಷ್ಟು ವರ್ಷ ಗಳ ನೆಟ್ಟು, ಒಮ್ಮೆಯೂ ಅವುಗಳ ಮೇಲೆ ಹತ್ತದ,
ಬಾಯಲ್ಲಿ ಹಲ್ಲಿರುವುದಕ್ಕೆ ನಾಚಿಕೆಯಾಗುತ್ತಿರುವ
ಕೃಷ್ಣಪ್ಪ
ಶಾಮಿಯಾನ ಅಂಗಡಿ, ಕೆಸರೆ, ಮೈಸೂರು